ಹುಲಿ ಬಾಕಿ

ನನಗೆ ಹೊಟ್ಟೆಕಿಚ್ಚು ತರುವ ಪ್ರಸಂಗ ತಿಂಗಳಿಗೊಂದಾದರೂ ನಡೆಯುತ್ತದೆ. ನಾನು ಪುಣೆಯ ಮಾರ್ಕೆಟ್ ಯಾರ್ಡ್ ಹತ್ತಿರದ ಸಣ್ಣ ಕನ್ನಡ ಶಾಲೆಯ ಟೀಚರ್. ನಮ್ಮ ಮಕ್ಕಳ ತಂದೆ-ತಾಯಿ ಉಳ್ಳಾಗಡ್ಡಿ ಚೀಲ ಹೊರುವವರು. ನನ್ನ ನಾದಿನಿ ಮಗರಪಟ್ಟಾದ ದೊಡ್ಡ ಖಾಸಗಿ ಶಾಲೆಯ ಟೀಚರ್. ಇಷ್ಟು ಹೇಳಿದರೆ ನನ್ನ ಸಂಕಟ ನಿಮಗೆ ತಿಳಿಯಬೇಕು.

೧. ತಂಪು

ನಾದಿನಿ ಒಮ್ಮೆ ತನ್ನ ಶಾಲೆಯ ಗ್ರಂಥಾಲಯ ತೋರಿಸಿದಳು. ಎ.ಸಿ., ಕೂರಲು ಮೆತ್ತನೆಯ ದಿಂಬು, ಗೋಡೆ ತುಂಬ ಕಥೆಪುಸ್ತಕ. ನಮ್ಮ ಗ್ರಂಥಾಲಯ ಅಂದರೆ ಒಂದು ಕಬ್ಬಿಣದ ಕಪಾಟು, ಅದರ ಕೀಲಿ ಹೆಡ್‌ಮಾಸ್ತರರ ಕಿಸೆಯಲ್ಲಿ.

"ಹೆಂಗದ ವೈನಿ?" ಎಂದಳು.

"ಛಲೋ ಅದ. ಆದ್ರ ಈ ತಂಪಿನ್ಯಾಗ ಮಕ್ಕಳಿಗೆ ನೆಗಡಿ ಆಗಂಗಿಲ್ಲೇನು?"

ಮರುದಿನ ನೆಗಡಿಯಾದದ್ದು ನನಗೆ. ಅಲ್ಲೇ ಕೂತು ಮೂರು ಪುಸ್ತಕ ಮುಗಿಸಿ ಎದ್ದಿದ್ದೆ.

೨. ತಪಾಸಣೆ

ತಪಾಸಣೆಗೆ ಬಂದ ಸಾಹೇಬರು ಮೂರನೇ ತರಗತಿಯ ಹುಡುಗನ ಕೈಗೆ ಕಪಾಟಿನ ಪುಸ್ತಕ ಕೊಟ್ಟರು. ಹುಲಿ ಊರೊಳಗೆ ನುಗ್ಗುವವರೆಗೆ ಅವನು ಎಲ್ಲೂ ತಡವರಿಸದೆ ಓದಿ ನಿಂತುಬಿಟ್ಟ.

"ಮುಂದ ಓದಪಾ."

"ಮುಂದಿನ ಹಾಳಿ ಹರದದರಿ."

"ಹಂಗಾರ ಹುಲಿ ಏನಾತು?"

"ನಮ್ಮ ಸಾಲ್ಯಾಗ ಯಾರಿಗೂ ಗೊತ್ತಿಲ್ರಿ. ಅಕ್ಕೋರಿಗೂ ಗೊತ್ತಿಲ್ಲ."

ಸಾಹೇಬರು ವರದಿಯಲ್ಲಿ ಬರೆದರು: 'ಓದು ಉತ್ತಮ. ಹುಲಿ ಬಾಕಿ.'

೩. ದಾನ

ನಾದಿನಿಯ ಶಾಲೆಯಿಂದ ನಮಗೊಂದು ಪೆಟ್ಟಿಗೆ ಪುಸ್ತಕ ಬಂತು. ಫೋಟೋ ತೆಗೆದುಕೊಂಡು ಅವರು ಹೋದ ಮೇಲೆ ತೆರೆದರೆ, ಎಲ್ಲ ಹಳೆಯ ಅಭ್ಯಾಸ ಪುಸ್ತಕಗಳು. ಬಿಟ್ಟ ಸ್ಥಳಗಳನ್ನೆಲ್ಲ ಪೆನ್ನಿನಲ್ಲಿ ತುಂಬಿಬಿಟ್ಟಿದ್ದರು. ನನ್ನ ಕಣ್ಣಲ್ಲಿ ನೀರು. ಆದರೆ ಮಕ್ಕಳಿಗೆ ಹಬ್ಬ.

"ಅಕ್ಕೋರ, ಭಾಳ ಒಳ್ಳೆ ಮಂದಿರಿ! ನಮ್ಮ ಹೋಮ್‌ವರ್ಕೂ ಅವರ ಮಾಡಿ ಕಳಿಸ್ಯಾರ!"

೪. ಓದುವ ಸ್ಪರ್ಧೆ

ಒಂದು ಕನ್ನಡ ಸಂಘದವರು ಮಕ್ಕಳಿಗೆ ಓದುವ ಸ್ಪರ್ಧೆ ಇಟ್ಟಿದ್ದರು. ನಾದಿನಿ ತನ್ನ ಶಾಲೆಯ ಕನ್ನಡ ಮಕ್ಕಳನ್ನು ಬಸ್ಸಿನಲ್ಲಿ ತಂದಳು. ಅವರಲ್ಲಿ ಸಂಘದ ಅಧ್ಯಕ್ಷರ ಮೊಮ್ಮಗಳೂ ಒಬ್ಬಳು. ನಾನು ನಮ್ಮ ಶಾಲೆಯಿಂದ ಒಬ್ಬಳೇ ಹುಡುಗಿಯನ್ನು ಕರೆದುಕೊಂಡು ಹೋದೆ. ಚೀಲ, ಲಾರಿ, ಅಂಗಡಿಯ ಬೋರ್ಡು, ಚುರುಮುರಿ ಕಟ್ಟಿದ ಕಾಗದ, ಏನು ಸಿಕ್ಕರೂ ಓದುವವಳು.

ಮೊಮ್ಮಗಳು ಹೊಸ ಬೂಟು ಹಾಕಿಕೊಂಡು ಬಂದು ಚೆನ್ನಾಗಿಯೇ ಓದಿದಳು. ನನ್ನ ಹೊಟ್ಟೆಯೊಳಗೆ ಬೆಂಕಿ. ನಮ್ಮವಳ ಸರದಿ ಬಂದಾಗ ಓದಲು ಕೊಡುವ ಹಾಳೆಗಳು ಮುಗಿದಿದ್ದವು. ತೀರ್ಪುಗಾರರು ತಮ್ಮ ಮುಂದಿದ್ದ ಪ್ರತಿಯನ್ನೇ ಅವಸರದಲ್ಲಿ ಎತ್ತಿ ಕೊಟ್ಟರು. ಅವಳು ಮೈಕಿನಲ್ಲಿ ಗಂಟೆ ಬಾರಿಸಿದಂತೆ ಓದಿದಳು. ಜನ ಚಪ್ಪಾಳೆ ತಟ್ಟಿದರು. ಅವಳು ಅಲ್ಲಿಗೆ ನಿಲ್ಲಲಿಲ್ಲ. ಹಾಳೆ ತಿರುವಿ, ಹಿಂದೆ ಕೈಯಿಂದ ಬರೆದಿದ್ದನ್ನೂ ಅದೇ ದನಿಯಲ್ಲಿ ಓದಿದಳು:

"ಮೊದಲ ಬಹುಮಾನ, ಅಧ್ಯಕ್ಷರ ಮೊಮ್ಮಗಳು. ಎರಡನೆಯದು, ಓದು ಕೇಳಿ ನಿರ್ಧರಿಸುವುದು."

ಅಧ್ಯಕ್ಷರು ಫ್ಯಾನು ನೋಡತೊಡಗಿದರು. ಇಷ್ಟಾದ ಮೇಲೆ ಮೊದಲ ಬಹುಮಾನ ನಮ್ಮವಳಿಗೇ ಬಂತೆನ್ನಿ. ಆದರೆ ಅದಕ್ಕೂ ಮುಂಚೆ ತೀರ್ಪುಗಾರರು ಬೆವರು ಒರೆಸಿಕೊಳ್ಳುತ್ತ ಅವಳನ್ನು ಗದರಿಸಿದರು:

"ಹಿಂದಿಂದು ಓದು ಅಂತ ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ನಮ್ಮ ಸಾಲ್ಯಾಗ ಹಾಳಿ ಕಡಿಮಿ ಅದಾವ್ರಿ ಸರ್. ಒಂದು ಸಿಕ್ರ ಎರಡೂ ಕಡೆ ಓದ್ತೀವಿ."