ಮೂಳೆಗೂ ಪಾಲಿಶ್!

ಮರಕ್ಕೆ ಮರುಜನ್ಮ ಕೊಡುವವನು ನಾನು! ಕಾಲು ಮುರಿದ ಕುರ್ಚಿಯೋ, ಹುಳ ತಿಂದ ಕಪಾಟೋ, ಬೆನ್ನು ಬಾಗಿದ ಮೇಜೋ, ಯಾವುದೇ ಬರಲಿ, ನನ್ನ ಪಾಲಿಶ್ ಬಳಿಸಿಕೊಂಡು ಹೊರಟರೆ ಮದುಮಗನ ಹಾಗೆ ಹೊಳೆಯುತ್ತದೆ. ಇಂಥವನು ಕಟ್ಟಿಕೊಂಡ ಹೆಂಡತಿಯ ಮೂಳೆ ಸವೆಯುವುದೆಂದರೇನು? ಅವಮಾನ! "ಇದನ್ನು ರಿಪೇರಿ ಮಾಡುವವನು ನಾನೇ!" ಎಂದು ಗರಗಸ ಮುಟ್ಟಿ ಶಪಥ ಮಾಡಿದೆ.

ಆದದ್ದಿಷ್ಟು. ಹೋದ ವರ್ಷ ಇವಳು ಬಚ್ಚಲಲ್ಲಿ ಜಾರಿ, ಕೈಯೂರಿ, ಮಣಿಕಟ್ಟು ಬಿರುಕು ಬಿಟ್ಟಿತು. ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, "ಮೂಳೆ ತೆಳುವಾಗ್ತಿದೆ. ವಾರಕ್ಕೊಂದು ಮಾತ್ರೆ, ದಿನಾ ನಡಿಗೆ. ವರ್ಷ ಬಿಟ್ಟು ಮತ್ತೆ ನೋಡೋಣ" ಅಂದರು. ಅಂದಿನಿಂದ ಇವಳು ಸ್ಟೂಲು ಹತ್ತಿದರೆ ಸಾಕು, ನನ್ನ ಎದೆ ಢವಢವ. ತೋರಿಸಿಕೊಳ್ಳುತ್ತಿರಲಿಲ್ಲ, ಆದರೆ ನಿಜಕ್ಕೂ ಹೆದರಿದ್ದೆ.

ಮರುಪರೀಕ್ಷೆ ಹತ್ತಿರ ಬಂದಿತ್ತು. ಒಂದು ದಿನ ಪಾಲಿಶ್ ನೆಲಕ್ಕೆ ಬೀಳದಿರಲೆಂದು ಹಳೇ ಪೇಪರು ಹಾಸುತ್ತಿದ್ದೆ. ನೋಡುತ್ತೇನೆ, ಮೊಣಕಾಲ ಕೆಳಗೇ ಜ್ಞಾನೋದಯ! ಸೋಯಾ, ಈರುಳ್ಳಿ, ಚಹಾ ಎಲೆ, ಒಣ ಪ್ಲಮ್ ಹಣ್ಣು, ಇವುಗಳಲ್ಲಿರುವ ಸತ್ವಗಳು ಮೂಳೆ ಸವೆತಕ್ಕೆ ಔಷಧವಾಗಬಹುದೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರಂತೆ. ಪೇಪರು ಹಿಡಿದು ಅಡುಗೆಮನೆಗೆ ಓಡಿದೆ.

"ಕೇಳಿಲ್ಲಿ! ಇಲಿಗಳ ಮೇಲೆ ಒಳ್ಳೇ ಪರಿಣಾಮ ಆಗಿದೆಯಂತೆ!"

"ಸಂತೋಷ. ಇಲಿಗಳಿಗೇ ಕೊಡಿ."

"ಮುಂದೆ ಮನುಷ್ಯರಿಗೂ ಆಗಬಹುದು ಅಂತ ಬರೆದಿದ್ದಾರೆ ಕಣೇ!"

"'ಬಹುದು' ಅಂತ ತಾನೆ? ಆದಮೇಲೆ ಹೇಳಿ, ಕುಡೀತೀನಿ."

ವಿಜ್ಞಾನಿಗಳಿಗಾದರೆ ಬಿಡುವಿದೆ, ಕಾಯುತ್ತಾರೆ. ನನಗೆಲ್ಲಿದೆ? ನಾಲ್ಕನ್ನೂ ಒಂದೇ ಪಾತ್ರೆಗೆ ಸುರಿದು, ಈರುಳ್ಳಿಯನ್ನು ಸಿಪ್ಪೆಸಮೇತ ಹಾಕಿ, ಗಟ್ಟಿ ಪಾಕವಾಗುವ ತನಕ ಕುದಿಸಿದೆ. ಬಣ್ಣ ಥೇಟ್ ನನ್ನ ಪಾಲಿಶಿನದೇ! ವಾಸನೆ ಮಾತ್ರ ಒದ್ದೆ ಕಾಲುಚೀಲದ್ದು. ಧೈರ್ಯ ತುಂಬಲು ಮೊದಲ ಲೋಟ ನಾನೇ ಕುಡಿದೆ. "ಅಮೃತ!" ಎಂದು ಉದ್ಗರಿಸಿ, ಒಣ ಪ್ಲಮ್ಮಿನ ಪ್ರತಾಪದಿಂದ ಆ ಬೆಳಿಗ್ಗೆಯನ್ನೆಲ್ಲ ಕಕ್ಕಸುಮನೆಗೇ ಅರ್ಪಿಸಿದೆ.

ಬಾಗಿಲಾಚೆಯಿಂದ ಇವಳ ದನಿ ಬಂತು. "ರೀ, ಅಮೃತ ಇಳೀತಾ?"

ಆದರೂ ನಾನು ಪಟ್ಟು ಬಿಡಲಿಲ್ಲ. ಕೊನೆಗೆ ಇವಳೇ, "ಆಯ್ತು, ಆ ವಾಸನೆ ಮನೆಯೊಳಗೆ ಬೇಡ. ಹಿತ್ತಲ ಬಾಗಿಲಲ್ಲಿ ನಿಂತು ಕುಡೀತೀನಿ" ಎಂದು ಒಪ್ಪಿದಳು. ದಿನವೂ ತುಂಬಿದ ಲೋಟದೊಂದಿಗೆ ಹಿತ್ತಲಿಗೆ ಹೋಗುವಳು, ಖಾಲಿ ಲೋಟದೊಂದಿಗೆ ಬರುವಳು. ಮುಖ ಕೂಡ ಕಿವುಚುತ್ತಿರಲಿಲ್ಲ. ಎಂಥ ಪತಿಭಕ್ತಿ ಎಂದು ನಾನು ಬೀಗಿದೆ!

ಅದೇ ಸಮಯಕ್ಕೆ ಡಾಕ್ಟರಮ್ಮ ತಮ್ಮ ಕ್ಲಿನಿಕ್ಕಿಗೆ ರೋಗಿಗಳು ಕೂರಲು ಒಂದು ಉದ್ದ ಬೆಂಚು ಮಾಡಿಕೊಡಿ ಎಂದಿದ್ದರು. ಅದಕ್ಕೆಂದೇ ಅರಗು, ಸ್ಪಿರಿಟ್ಟು ಬೆರೆಸಿ ವಿಶೇಷ ಪಾಲಿಶ್ ತಯಾರಿಸಿ, ದೊಡ್ಡ ಡಬ್ಬದಲ್ಲಿ ಹಿತ್ತಲ ಬಾಗಿಲ ಪಕ್ಕ ಇಟ್ಟಿದ್ದೆ. ಬೆಂಚಿಗೆ ಬಳಿದದ್ದೂ ಆಯಿತು. ಆದರೆ ಒಣಗಲೊಲ್ಲದು! ಹವೆಯನ್ನು ಬೈದೆ. ಸ್ಪಿರಿಟ್ ಮಾರಿದವನನ್ನು ಬೈದೆ. ನನ್ನ ಜೊತೆ ಕೆಲಸ ಮಾಡುವ ಭಾವಮೈದುನನನ್ನಂತೂ ಬೈದೇ ಬೈದೆ.

"ಬಾವಾ, ಪಾಲಿಶಿಗೆ ಯಾಕೋ ಇರುವೆ ಮುತ್ತಿದೆ" ಅಂದ ಅವನು.

"ನನ್ನ ಕೆಲಸದ ಬೆಲೆ ಇರುವೆಗೂ ಗೊತ್ತು ಕಣೋ! ನೀನಿನ್ನೂ ಕಲೀಬೇಕು."

ಅಂತೂ ಇಂತೂ ಬೆಂಚು ಕೈಗೆ ಅಂಟುವುದನ್ನು ನಿಲ್ಲಿಸಿತು. ಮರುಪರೀಕ್ಷೆಯ ದಿನವೇ ಅದನ್ನೂ ಇವಳನ್ನೂ ಕ್ಲಿನಿಕ್ಕಿಗೆ ಕರೆದೊಯ್ದೆ. ಕಾಲಿಗೆ ಪಟ್ಟಿ ಹಾಕಿಸಿಕೊಂಡಿದ್ದ ಒಬ್ಬ ಹಿರಿಯರು ಬೆಂಚಿನ ಕಡೆ ಕುಂಟುತ್ತಾ ಬಂದರು.

"ತಡೀರಿ ಯಜಮಾನ್ರೇ! ಮಾಡಿದವನು ಮೊದಲು ಕೂರಬೇಕು!" ಎಂದು ನಾನು ನಟ್ಟನಡುವೆ ಆಸೀನನಾದೆ.

ಇವಳು ಒಳಗೆ ಹೋದಳು. ಹಿರಿಯರಿಗೆ ಕುರ್ಚಿಯೊಂದನ್ನು ತೋರಿಸಿ, ನಾನು ಗಿಡಮೂಲಗಳ ಮಹಿಮೆ ಶುರುಮಾಡಿದೆ. ಮಾತಿನ ಕಾವು ಏರಿದಂತೆ ಕೆಳಗೂ ಏನೋ ಬೆಚ್ಚಗೆ, ಮೆತ್ತಗೆ ಆಗುತ್ತಿತ್ತು. ಉತ್ತಮ ಮರದ ಗುಣ ಎಂದುಕೊಂಡೆ.

ಕಡೆಗೂ ಬಾಗಿಲು ತೆರೆಯಿತು. ಡಾಕ್ಟರಮ್ಮ ನಗುತ್ತಿದ್ದರು. "ಸವೆತ ನಿಂತಿದೆ. ಹೋದ ಸಲಕ್ಕಿಂತ ಸ್ವಲ್ಪ ಗಟ್ಟಿಯೇ ಆಗಿದೆ!"

ನನ್ನ ಕಣ್ಣು ತುಂಬಿ ಬಂತು. ವರ್ಷವಿಡೀ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ಹಾರಿ ಎದ್ದು ಇವಳ ಕೈ ಹಿಡಿಯಬೇಕೆಂದುಕೊಂಡೆ. ಹಾರಿದೆ ಕೂಡ! ನನ್ನೊಂದಿಗೆ ಬೆಂಚೂ ಒಂದು ಗೇಣು ಹಾರಿ, ಇಬ್ಬರೂ ಧೊಪ್ಪನೆ ಕೂತೆವು.

"ಏನ್ರೀ ಅದು?"

"ಏನಿಲ್ಲ... ಬೆಂಚು ನನ್ನನ್ನು ಬಿಡ್ತಾ ಇಲ್ಲ."

ಕಾಂಪೌಂಡರು ಎಳೆದ. ಪಟ್ಟಿಯ ಹಿರಿಯರು ಕುರ್ಚಿಯಿಂದಲೇ "ಹಾಂ, ಇನ್ನೂ ಜೋರಾಗಿ!" ಎಂದು ಹುರಿದುಂಬಿಸಿದರು. ನಾನು ಅಲುಗಲಿಲ್ಲ.

"ಎಲ್ಲರೂ ಪಕ್ಕಕ್ಕೆ ಸರೀರಿ" ಎಂದಳು ಇವಳು. ಸೆರಗು ಸಿಕ್ಕಿಸಿ, ನನ್ನ ಎರಡೂ ಕೈ ಹಿಡಿದು ಒಂದೇ ಒಂದು ಎಳೆತ! ಪರ್ರ್! ನಾನು ಈಚೆಗೆ ಬಂದೆ. ಪ್ಯಾಂಟಿನ ಹಿಂಭಾಗ ಆಚೆಗೇ ಉಳಿಯಿತು.

ಡಾಕ್ಟರಮ್ಮ ಬೆರಗಾದರು. "ಅಬ್ಬಾ, ಏನು ಶಕ್ತಿ! ಮಾತ್ರೆ, ನಡಿಗೆ ಅಲ್ಲದೆ ಬೇರೇನಾದರೂ ತಗೊಂಡ್ರಾ?"

ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರೇನಂತೆ, ಕೀರ್ತಿಯನ್ನು ಬಿಡಲಾಗುತ್ತದೆಯೇ? ಎದೆ ಉಬ್ಬಿಸಿ ಹೇಳಿದೆ: "ನನ್ನ ಕಷಾಯ! ದಿನಾ ಒಂದು ಲೋಟ!"

ಇವಳು ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಬೆಂಚನ್ನು ನೋಡಿದಳು.

"ಸಿಂಕಿಗೆ ಸುರಿದ್ರೆ ಕಲೆ ನೋಡಿ ಕಂಡುಹಿಡೀತಿದ್ರಿ. ಗಿಡಕ್ಕೆ ಹಾಕೋಣ ಅಂದ್ರೆ, ಪಾಪ, ಗಿಡ ಏನು ತಪ್ಪು ಮಾಡಿದೆ? ಬಾಗಿಲ ಪಕ್ಕ ಅದೇ ಬಣ್ಣದ ಡಬ್ಬ ಇತ್ತಲ್ಲ..." ಎಂದು ರಾಗ ಎಳೆದು, ತನ್ನ ಶಾಲನ್ನು ನನ್ನ ಸೊಂಟಕ್ಕೆ ಸುತ್ತಿ, ಡಾಕ್ಟರಮ್ಮನ ಕಡೆ ತಿರುಗಿದಳು. "ನಾನು ತಗೊಂಡಿದ್ದು ನಿಮ್ಮ ಮಾತ್ರೆ ಮಾತ್ರ, ಡಾಕ್ಟ್ರೇ. ಇವರ ಕಷಾಯ ಪೂರ್ತಿ ಕುಡಿದಿದ್ದು ಈ ಬೆಂಚು!"