ಮುಖ ಮಾತ್ರ ಚೆನ್ನಾಗಿ ಬಂತು

ಕ್ಯಾಮೆರಾ ಬಲ್ಲವರಿಗೆ ವಿಡಿಯೋ ಕಾಲ್ ಬಾರದೇ ಇರುತ್ತದೆಯೇ ಎಂದುಕೊಂಡು, ಬಣ್ಣದ ಕಂಪನಿಯ ಸ್ಟೋರ್ ಗುಮಾಸ್ತ ಎದುರು ಮನೆಯ ಫೋಟೋ ಸ್ಟುಡಿಯೋದವರನ್ನು ಕರೆದ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು.

ಕಂಪನಿ ದೂರದ ಊರಲ್ಲಿ ಹೊಸ ಗೋದಾಮು ತೆರೆದಿತ್ತು. ಅಲ್ಲಿಗೆ ಯಾರನ್ನು ಕಳಿಸುವುದೆಂದು ಆ ರಜಾದಿನ ಸಾಹೇಬರು ವಿಡಿಯೋ ಕಾಲಿನಲ್ಲೇ ತೀರ್ಮಾನಿಸುವವರಿದ್ದರು. ಗುಮಾಸ್ತನ ಹೆಂಡತಿ ನರ್ಸು. ಮದುವೆಯಾದ ಲಾಗಾಯ್ತು ಅವಳದೊಂದು ಊರು, ಇವನದೊಂದು ಊರು. ಯಾರ್ಯಾರದೋ ಕೈಕಾಲು ಹಿಡಿದು ಅವಳು ಇಲ್ಲಿನ ಆಸ್ಪತ್ರೆಗೆ ಬಂದು ಮೂರು ತಿಂಗಳಾಗಿತ್ತು, ಅಷ್ಟೆ. ಡ್ಯೂಟಿಗೆ ಹೊರಡುವಾಗ ಹೇಳಿದ್ದಳು: "ಸಂಕೋಚ ಪಟ್ಕೊಂಡು ಕೂರ್ಬೇಡಿ. ಆಗಲ್ಲ ಅಂತ ಬಾಯಿಬಿಟ್ಟು ಹೇಳಿ."

ಸ್ಟುಡಿಯೋದವರು ದೀಪ, ಬಿಳಿ ಛತ್ರಿ ಸಮೇತ ನುಗ್ಗಿದರು. ಮಂಚ ಗೋಡೆಗೊರಗಿತು, ಕುರ್ಚಿ ನಡುಮನೆಗೆ ಬಂತು, ಗುಮಾಸ್ತನ ಮುಖಕ್ಕೆ ಪೌಡರ್ ಬಿತ್ತು.

"ಗದ್ದ ಮೇಲೆತ್ತಿ. ಬಾಯಿ ಅಗಲ ತೆರೀಬೇಡಿ, ಮುಖ ಕೆಡುತ್ತೆ. ನಗ್ತಾ ಇರಿ, ಆಗಾಗ ತಲೆ ಆಡಿಸಿ. ಕಳೆ ಬರುತ್ತೆ."

"ಸ್ವಾಮಿ, ನಾನು ಕಷ್ಟ ಹೇಳ್ಕೋಬೇಕು!"

"ಅಳೋರನ್ನೂ ನಗಿಸಿ ಫೋಟೋ ತೆಗೆದಿದೀನಿ, ಸುಮ್ನಿರ್ರೀ."

ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಗೋಡೆ ಕೊರೆಯುವ ಸದ್ದು ಶುರುವಾಯಿತು. "ಈ ಗಲಾಟೆ ಸಾಹೇಬ್ರಿಗೆ ಕೇಳಿಸ್ಬಾರ್ದು" ಎಂದು ಸ್ಟುಡಿಯೋದವರು ಫೋನಿನಲ್ಲಿ ಏನನ್ನೋ ಒತ್ತಿ ಹಿಂದೆ ಸರಿದರು.

ಸಾಹೇಬರು ಹೋಗುತ್ತೀರಾ ಎಂದು ಒಬ್ಬೊಬ್ಬರನ್ನೇ ಕೇಳಿದರು. ಒಬ್ಬನಿಗೆ ಸೊಂಟನೋವು, ಇನ್ನೊಬ್ಬನಿಗೆ ಮಾವನ ಆಪರೇಷನ್. ಗುಮಾಸ್ತನ ಸರದಿ ಬಂತು. ಹುಟ್ಟಿದಾರಭ್ಯ ಸಾಹೇಬರೆಂಬ ಜಾತಿಗೇ ಎದುರಾಡದವನು ಅಂದು ಧೈರ್ಯ ತಂದುಕೊಂಡ. ಗದ್ದ ಎತ್ತಿ, ನಗುತ್ತಾ, ತಲೆಯಾಡಿಸುತ್ತಾ, ತುಟಿ ಆಡಿತೋ ಇಲ್ಲವೋ ಎಂಬಂತೆ ಎಲ್ಲವನ್ನೂ ಹೇಳಿಕೊಂಡ. "ನನ್ನ ಹೆಂಡ್ತಿ ಗೊರಕೆ ಹೊಡೀತಾಳೆ ಅನ್ನೋದೇ ನಂಗೆ ಈಗ ಗೊತ್ತಾಗಿದೆ ಸಾರ್, ದಯವಿಟ್ಟು ಬೇರೆ ಮಾಡ್ಬೇಡಿ" ಎಂದೂ ಅಂದುಬಿಟ್ಟ.

ಸಾಹೇಬರು ಅವನನ್ನೇ ನೋಡಿದರು. "ಭೇಷ್! ಬಹಳ ಸಂತೋಷ ಆಯ್ತು" ಎಂದರು.

ಗುಮಾಸ್ತ ಸ್ಟುಡಿಯೋದವರನ್ನು ತಬ್ಬಿಕೊಂಡು ಅತ್ತ.

ಸಂಜೆ ಹೆಂಡತಿ ಬರುವುದಕ್ಕೂ, ಸ್ಟುಡಿಯೋದವರು ದೀಪ ಒಯ್ಯಲು ಬರುವುದಕ್ಕೂ, ಫೋನಿಗೆ ಸಾಹೇಬರ ಸಂದೇಶ ಬರುವುದಕ್ಕೂ ಸರಿಹೋಯಿತು. ಅವನು ಹಿಗ್ಗಿನಿಂದ ಗಟ್ಟಿಯಾಗಿ ಓದತೊಡಗಿದ: "ಎಲ್ಲರೂ ನೆಪ ಹೇಳಿದರು. ತಾವೊಬ್ಬರೇ ಒಂದು ಮಾತೂ ಎದುರಾಡದೆ, ನಗುನಗುತ್ತಾ ತಲೆಯಾಡಿಸಿ ಒಪ್ಪಿಕೊಂಡಿರಿ. ಸೋಮವಾರ ಹೊಸ ಗೋದಾಮಿಗೆ ಹಾಜರಾಗಿ."

ಹೆಂಡತಿ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕುಸಿದಳು. ಅವನು ಸ್ಟುಡಿಯೋದವರತ್ತ ತಿರುಗಿದ.

"ಏನ್ರೀ ಒತ್ತಿದ್ರಿ ನೀವು?"

"ಮೈಕ್ ಆಫ್ ಮಾಡ್ದೆ. ಮದುವೆ ವಿಡಿಯೋದಲ್ಲೂ ಅಷ್ಟೇ ಅಲ್ವೆ? ಮಾತು ತೆಗೆದು ಹಾಡು ಹಾಕ್ತೀವಿ. ಮಾತು ಯಾರ್ರೀ ಕೇಳ್ತಾರೆ?"

ಛತ್ರಿ ಮಡಿಸುತ್ತಾ ಅವರು ಅವಳಿಗೆ ಸಮಾಧಾನ ಹೇಳಿದರು: "ಬೇಜಾರಾಗ್ಬೇಡಮ್ಮ. ನಿಮ್ಮೆಜಮಾನ್ರು ವಿಡಿಯೋ ಕಾಲ್ ಕಲಿತಾಯ್ತಲ್ಲ! ಇನ್ನು ಅಲ್ಲಿಂದ ದಿನಾ ಮಾಡ್ತಾರೆ."