ಊಟದ ಮೇಜಿನ ಕೆಳಗಿನ ಹಿನ್ನೀರು

ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಒಮ್ಮೆ ನನ್ನೊಡನೆ ದೋಣಿಯಲ್ಲಿ ಕೂತಿದ್ದಳು. ನನ್ನ ಗಾಳದ ತುದಿಯಲ್ಲಿ ಎರೆಹುಳುವಿನ ಬದಲು ಕಟ್ಟಿದ್ದ ಕೆಂಪು ಪ್ಲಾಸ್ಟಿಕ್ ಮೀನನ್ನು ನೋಡಿ, "ಎಷ್ಟು ಚೆನ್ನಾಗಿದೇರೀ!" ಎಂದಿದ್ದಳು. ಆಮೇಲೆ ಅವಳೂ ಬರಲಿಲ್ಲ, ಮೀನೂ ಬರಲಿಲ್ಲ. ನಾನು ಮಾತ್ರ ಅಂದಿನಿಂದ ಪ್ರತಿ ಭಾನುವಾರ ಆ ಕೆಂಪನ್ನೇ ನೀರಿಗೆ ಇಳಿಬಿಡುತ್ತಾ ಬಂದಿದ್ದೇನೆ.

ನನ್ನ ಹಂಬಲವೆಲ್ಲ ಹಿನ್ನೀರಿನ ಆಳದಲ್ಲಿರುವ ಬಾಸ್ ಮೀನಿನದು ಎಂದೇ ಮನೆಯವರು ತಿಳಿದಿದ್ದಾರೆ. (ಆಫೀಸಿನ ಬಾಸ್ ಬೇರೆ, ಅವರು ಯಾವ ಬಣ್ಣ ತೋರಿಸಿದರೂ ಕಚ್ಚುತ್ತಾರೆ.) ನಿಜವಾಗಿ, ಒಂದು ದೊಡ್ಡ ಮೀನು ತಂದರೆ ಇವಳು ಇನ್ನೊಮ್ಮೆ ಎದುರಿನ ಹಲಗೆಯ ಮೇಲೆ ಬಂದು ಕೂತಾಳೇನೋ ಎಂಬ ದುರಾಸೆ ನನ್ನದು.

ಮೊನ್ನೆ ಗಾಳದಂಗಡಿಯವನು ನನ್ನ ಸಂಸಾರಕ್ಕೇ ಬಾಂಬು ಹಾಕಿದ. "ಸಾರ್, ಆಳದಲ್ಲಿ ಮೊದಲು ಸಾಯೋದೇ ಕೆಂಪು. ಕೆಳಗೆಲ್ಲ ಬರೀ ನೀಲಿ ಬೆಳಕು."

ಹಾಗಾದರೆ ಮೀನಿನ ಕಣ್ಣಿಗೆ ಕಾಣುವುದು ಯಾವ ಬಣ್ಣ? ಈ ಮಹಾಸಂಶೋಧನೆಗಾಗಿ ಮಲಗುವ ಕೋಣೆಯ ನೀಲಿ ಪರದೆಯನ್ನು ಬಿಚ್ಚಿ, ಊಟದ ಮೇಜಿನ ಸುತ್ತ ಇಳಿಬಿಟ್ಟು, ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳ ಸಮೇತ ಒಳಗೆ ತೆವಳಿದೆ.

"ರೀ, ಪರದೆ ಎಲ್ಲಿ? ಎದುರುಮನೆಯವರು ನಮ್ಮ ಮಂಚ ನೋಡ್ತಾ ಕಾಫಿ ಕುಡೀತಿದಾರೆ!"

"ನಾನೀಗ ಮೀನು ಕಣೇ."

"ಬುದ್ಧಿಯಲ್ಲಂತೂ ಹೌದು. ಜರುಗಿ ಸ್ವಲ್ಪ."

ಅವಳೂ ಒಳಗೆ ಬಂದಳು! ಭುಜಕ್ಕೆ ಭುಜ ತಾಗಿತು. ನಾನು ಉಸಿರು ಬಿಗಿಹಿಡಿದೆ. (ನೀರಿನಡಿ ಎಂಬ ಕಾರಣಕ್ಕಲ್ಲ.)

"ಅಯ್ಯೋ, ನನ್ನ ಉಗುರು ಕಪ್ಪಾಯ್ತು!" ಎಂದಳು. ಅವಳ ಕೆಂಪು ನೇಲ್ ಪಾಲಿಶ್ ಆ ನೀಲಿಯಲ್ಲಿ ಸತ್ತುಹೋಗಿತ್ತು. ನನ್ನ ಕೆಂಪು ಮೀನೂ ಇದ್ದಲಿನ ಚೂರಿನಂತಾಗಿತ್ತು.

"ನೀನೇ ಕೆಂಪು ಚೆನ್ನಾಗಿದೆ ಅಂದಿದ್ದೆ," ಎಂದೆ.

"ನಾನಾ? ಯಾವಾಗ?"

"ದೋಣೀಲಿ. ಮದುವೆಯಾದ ಹೊಸದ್ರಲ್ಲಿ."

"ಹೊಸದ್ರಲ್ಲಿ ನಿಮ್ಮ ಮೀಸೇನೂ ಚೆನ್ನಾಗಿದೆ ಅಂದಿದ್ದೆ, ಬಿಡಿ." ಆಮೇಲೆ ನನ್ನ ಕಡೆ ತಿರುಗಿ, "ಅದಕ್ಕೇ ಇಷ್ಟು ವರ್ಷ ಕೆಂಪೇ ಹಾಕ್ತಿದ್ರಾ?" ಎಂದಳು.

ನಾನು ಆ ಇದ್ದಲಿನ ಚೂರನ್ನು ಮೆಲ್ಲಗೆ ಜೇಬಿಗೆ ಸೇರಿಸಿದೆ.

ಮೂಲೆಯಲ್ಲಿ ನಾನು ಬಿಸಾಕಿದ್ದ ಮಾಸಲು ಬಿಳಿ ಮೀನನ್ನು ಅವಳು ಎತ್ತಿಕೊಂಡಳು. "ಇದೊಂದೇ ಕಣ್ಣಿಗೆ ಹೊಡೀತಿರೋದು. ಭಾನುವಾರ ನಾನೂ ಬರ್ತೀನಿ. ಮೊದಲು ಪರದೆ ಹಾಕಿ."

ದೋಣಿ ನನ್ನ ಭಾಮೈದನದು, ಇಬ್ಬರಿಗಷ್ಟೇ ಜಾಗ. ಪುಣ್ಯಕ್ಕೆ ಆ ಭಾನುವಾರ ಅವನಿಗೆ ನೆಗಡಿ. ಎದುರಿನ ಹಲಗೆಯ ಮೇಲೆ ಇವಳು, ಕೈಯಲ್ಲಿ ಆ ಬಿಳಿ ಮೀನು ಕಟ್ಟಿದ ಗಾಳ! ಹೇಳಬೇಕೆಂದು ವರ್ಷಗಟ್ಟಲೆ ಕೂಡಿಟ್ಟ ಮಾತುಗಳನ್ನೆಲ್ಲ ಆಗಷ್ಟೇ ಶುರುಮಾಡಿದ್ದೆ.

"ರೀ, ಕೆಳಗಿಂದ ಯಾರೋ ಎಳೀತಿದಾರೆ!"

ನೆರವಿಗೆಂದು ಎದ್ದೆ. ದೋಣಿ ವಾಲಿತು.

"ಕೂತ್ಕೊಳ್ರೀ! ಬಾಯಿ ಮುಚ್ಕೊಂಡು ಕೂತ್ಕೊಳ್ಳಿ!"

ಬಾಸ್ ಬಂತು. ನಮ್ಮ ತಲೆದಿಂಬಿನಷ್ಟಿತ್ತು.

ಈಗ ಪ್ರತಿ ಭಾನುವಾರ ದೋಣಿಯಲ್ಲಿ ಅಕ್ಕ, ತಮ್ಮ. "ನೀವು ಬಂದ್ರೆ ಮಾತಾಡ್ತೀರಿ, ಎದ್ದು ನಿಲ್ತೀರಿ," ಎಂದು ತೀರ್ಪಾಗಿದೆ. ನಾನು ಮನೆಯಲ್ಲಿ ಕೂತು ಬಟ್ಟೆ ಮಡಚುತ್ತೇನೆ.

ಈ ಭಾನುವಾರ ಹಿನ್ನೀರಿನಿಂದಲೇ ಫೋನು ಬಂತು. "ರೀ, ಇಲ್ಲಿ ಮೋಡ. ಯಾವ ಬಣ್ಣ ಹಾಕ್ಲಿ?"

ನನ್ನನ್ನು ಕೇಳುತ್ತಿದ್ದಾಳೆ! ಪರದೆ ಕಿತ್ತೆ, ಮೇಜಿನಡಿ ನುಗ್ಗಿದೆ, ನನ್ನ ಪಾಲಿಗೆ ಉಳಿದಿದ್ದ ಹಳೇ ಪ್ಲಾಸ್ಟಿಕ್ ಮೀನುಗಳನ್ನು ಒಂದೊಂದಾಗಿ ಕಣ್ಣಿಗೆ ಹಿಡಿದು ನೋಡಿದೆ. "ಹಸಿರು! ಖಂಡಿತ ಹಸಿರು!"

"ಸರಿ," ಎಂದಳು. ಫೋನು ಇಡಲು ಮರೆತಳು.

"ಅಕ್ಕಾ, ಭಾವ ಏನಂದ್ರು?"

"ಹಸಿರಂತೆ."

"ಹಾಗಾದ್ರೆ ಹಸಿರನ್ನ ವಾಪಸ್ ಡಬ್ಬಿಗೆ ಹಾಕ್ಬಿಡು. ಅದೊಂದು ಬಿಟ್ಟು ಬೇರೆ ಯಾವುದಾದ್ರೂ ಆಗತ್ತೆ."

ಇಬ್ಬರೂ ನಕ್ಕರು. ನಾನು ಫೋನು ಇಡಲಿಲ್ಲ. ನೀಲಿಯೊಳಗೆ ಕೂತೇ ಅದನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ದೋಣಿಗೆ ನೀರು ಬಡಿಯುವ ಸದ್ದು ಚೆನ್ನಾಗಿ ಕೇಳಿಸುತ್ತಿತ್ತು.